ಮನೆಮಂದಿಯೆಲ್ಲ ಕೂತು ನೋಡಲು ಮ್ಯಾಜಿಕ್ ಸಿನಿಮಾ: ಈ ಐದರಲ್ಲಿ ನಿಮ್ಮ ಮನೆಗೆ ಯಾವುದು?

"ಮಗನಿಗೆ ಒಂಬತ್ತು, ಮಗಳಿಗೆ ಐದು. ಇಬ್ಬರಿಗೂ ಮ್ಯಾಜಿಕ್ ಇರುವ ಸಿನಿಮಾನೇ ಬೇಕಂತೆ. ನೋಡಿದವರ ಅಭಿಪ್ರಾಯ ಓದಲು ಕೂತರೆ ತಲೆ ಕೆಡುತ್ತದೆ. ಒಬ್ಬರು ಅದ್ಭುತ ಅಂತಾರೆ. ಇನ್ನೊಬ್ಬರು, ಮಗು ರಾತ್ರಿಯೆಲ್ಲ ನಿದ್ದೆ ಮಾಡಲಿಲ್ಲ ಅಂತಾರೆ. ಯಾರ ಮಾತು ನಂಬೋದು?"

ಈ ಪ್ರಶ್ನೆ ನನಗೆ ಬೇರೆ ಬೇರೆ ರೂಪದಲ್ಲಿ ಬರುತ್ತಲೇ ಇರುತ್ತದೆ. ಇಬ್ಬರ ಮಾತನ್ನೂ ನಂಬಿ ಅಂತಲೇ ನಾನು ಹೇಳುವುದು. ಇಬ್ಬರೂ ನೋಡಿದ್ದು ಒಂದೇ ಸಿನಿಮಾ, ಆದರೆ ಪಕ್ಕದಲ್ಲಿ ಕೂತವರು ಬೇರೆ. ಹನ್ನೆರಡು ವರ್ಷದ ಹುಡುಗನ ಜೊತೆ ನೋಡಿದವರಿಗೆ ಮೈ ಜುಮ್ಮೆನ್ನಿಸಿದ ದೃಶ್ಯವೇ ನಾಲ್ಕು ವರ್ಷದ ಮಗುವನ್ನು ತೊಡೆ ಮೇಲೆ ಕೂರಿಸಿಕೊಂಡವರಿಗೆ ತಲೆನೋವಾಗಿರುತ್ತದೆ. ಹಾಗಾಗಿ "ಚೆನ್ನಾಗಿದೆಯಾ?" ಅಂತ ಕೇಳಿ ಉಪಯೋಗವಿಲ್ಲ. "ಯಾರ ಜೊತೆ ನೋಡಿದಿರಿ?" ಅಂತ ಕೇಳಬೇಕು.

ಜನ ಹೆಚ್ಚಾಗಿ ಇದೋ ಅದೋ ಅಂತ ನಡುವೆ ಸಿಕ್ಕಿಕೊಂಡು ಕೇಳುವ ಐದು ಸಿನಿಮಾಗಳನ್ನು ಇಲ್ಲಿ ತೆಗೆದುಕೊಂಡಿದ್ದೇನೆ. ದಿ ವಿಝರ್ಡ್ ಆಫ್ ಆಝ್ (1939), ಕಿಕೀಸ್ ಡೆಲಿವರಿ ಸರ್ವಿಸ್ (1989), ಸ್ಪಿರಿಟೆಡ್ ಅವೇ (2001), ಹ್ಯಾರಿ ಪಾಟರ್ ಸರಣಿಯ ಮೊದಲ ಸಿನಿಮಾ (2001), ನಾರ್ನಿಯಾ ಸರಣಿಯ ಮೊದಲ ಸಿನಿಮಾ (2005). ಐದನ್ನೂ ನಾನು ತಂಗಿಯ ಇಬ್ಬರು ಮಕ್ಕಳ ಜೊತೆ ಬೇರೆ ಬೇರೆ ವರ್ಷಗಳಲ್ಲಿ ನೋಡಿದ್ದೇನೆ. ಕೆಲವನ್ನು ನಾಲ್ಕೈದು ಸಲ. ಕಥೆಯ ಕೆಲವು ತಿರುವುಗಳನ್ನು ಹೇಳದೆ ಈ ಹೋಲಿಕೆ ಮಾಡಲು ಆಗುವುದಿಲ್ಲ. ಮಕ್ಕಳಿಗೆ ಓದಿ ಹೇಳಬೇಡಿ, ನೀವು ಮಾತ್ರ ಓದಿಕೊಳ್ಳಿ.

ಮೊದಲು ಇವನ್ನು ನೋಡಿಕೊಳ್ಳಿ

ಎಲ್ಲಕ್ಕಿಂತ ಮುಖ್ಯ, ಮನೆಯಲ್ಲಿ ಎಲ್ಲರಿಗಿಂತ ಚಿಕ್ಕವರು ಯಾವುದಕ್ಕೆ ಹೆದರುತ್ತಾರೆ ಅನ್ನುವುದು. ವಯಸ್ಸು ಒಂದೇ ಸಾಲದು. ಮಕ್ಕಳ ಭಯ ಒಂದೇ ಥರದ್ದಲ್ಲ. ಕೆಲವರು ದಿಢೀರ್ ಶಬ್ದಕ್ಕೆ, ಕತ್ತಲಿಂದ ಮುಂದೆ ಹಾರಿ ಬರುವುದಕ್ಕೆ ಹೆದರುತ್ತಾರೆ. ಅದು ಐದು ನಿಮಿಷಕ್ಕೆ ಹೋಗುತ್ತದೆ. ಕೆಲವರಿಗೆ ವಿಕಾರವಾದ ಮುಖ ಕಣ್ಣಿಗೆ ಕಟ್ಟಿಬಿಡುತ್ತದೆ, ದೀಪ ಆರಿಸಲು ಬಿಡುವುದಿಲ್ಲ. ಮೂರನೆಯದು ಅಪ್ಪ ಅಮ್ಮ ಇಲ್ಲದಾಗುವ ಭಯ. ಇದನ್ನು ಮಕ್ಕಳು ಬಾಯಿಬಿಟ್ಟು ಹೇಳುವುದೇ ಇಲ್ಲ. ಸುಮ್ನೆ ಬಂದು ಒರಗಿಕೊಂಡು ಕೂರುತ್ತಾರೆ. ನನ್ನ ಪ್ರಕಾರ ಈ ಮೂರನೆಯದೇ ಜಾಸ್ತಿ ಆಳದ್ದು. ಮ್ಯಾಜಿಕ್ ಸಿನಿಮಾಗಳ ಕಥೆ ಶುರುವಾಗುವುದೇ ಬಹುಪಾಲು ಅಲ್ಲಿಂದ. ಅಪ್ಪ ಅಮ್ಮ ಪಕ್ಕದಲ್ಲಿದ್ದರೆ ಮಗು ಒಬ್ಬಂಟಿಯಾಗಿ ಬೇರೆ ಲೋಕಕ್ಕೆ ಹೋಗುವುದು ಹೇಗೆ?

ವಯಸ್ಸಿನ ರೇಟಿಂಗ್ ನೋಡಿ ಇದನ್ನು ತಿಳಿಯಲು ಆಗುವುದಿಲ್ಲ. ಅಮೆರಿಕದ ರೇಟಿಂಗ್‌ನಲ್ಲಿ ಸ್ಪಿರಿಟೆಡ್ ಅವೇ, ಮೊದಲ ಹ್ಯಾರಿ ಪಾಟರ್, ಮೊದಲ ನಾರ್ನಿಯಾ ಮೂರಕ್ಕೂ ಇರುವುದು ಪಿಜಿ, ಅಂದರೆ ಕೆಲವು ದೃಶ್ಯ ಮಕ್ಕಳಿಗೆ ಸರಿಹೋಗದಿರಬಹುದು, ಅಪ್ಪ ಅಮ್ಮ ನೋಡಿಕೊಳ್ಳಿ ಅಂತ. ಆದರೆ ಮೂರೂ ಹೆದರಿಸುವ ರೀತಿಗೆ ಒಂದಕ್ಕೊಂದು ಸಂಬಂಧವಿಲ್ಲ.

ಎರಡನೆಯದು ಉದ್ದ. ಇದು ಸುಲಭದ ಲೆಕ್ಕ. ಆಝ್ ಮತ್ತು ಕಿಕಿ ಎರಡೂ ಸುಮಾರು 1 ಗಂಟೆ 42 ನಿಮಿಷ. ಸ್ಪಿರಿಟೆಡ್ ಅವೇ 2 ಗಂಟೆ 5 ನಿಮಿಷ. ನಾರ್ನಿಯಾ 2 ಗಂಟೆ 23 ನಿಮಿಷ, ಹ್ಯಾರಿ ಪಾಟರ್ 2 ಗಂಟೆ 32 ನಿಮಿಷ. ರಾತ್ರಿ ಎಂಟಕ್ಕೆ ಶುರು ಮಾಡುವವರಿಗೆ ಈ ಐವತ್ತು ನಿಮಿಷದ ವ್ಯತ್ಯಾಸವೇ ಎಲ್ಲವನ್ನೂ ತೀರ್ಮಾನಿಸುತ್ತದೆ.

ಮೂರನೆಯದು ಭಾಷೆ. ನಿಮ್ಮ ಕೈಗೆ ಸಿಕ್ಕ ಪ್ರತಿಯಲ್ಲಿ ಯಾವ ಭಾಷೆಯ ಧ್ವನಿ ಇದೆ ಅಂತ ಮೊದಲೇ ನೋಡಿಕೊಳ್ಳಿ. ಸಬ್‌ಟೈಟಲ್ ಓದುವ ವೇಗ ಬರದ ಮಗುವಿಗೆ ಪಕ್ಕದಲ್ಲಿ ಒಬ್ಬರು ಕಿವಿಯಲ್ಲಿ ಹೇಳುತ್ತಾ ಇರಬೇಕು. ಹಾಗೆ ಹೇಳುವುದಾದರೆ ಮಾತು ಕಡಿಮೆ ಇರುವ ಸಿನಿಮಾ ಒಳ್ಳೆಯದು.

ನಾಲ್ಕನೆಯದು ನನಗೆ ಇಷ್ಟವಾದ ಅಳತೆ. ಆ ಲೋಕದಲ್ಲಿ ಮ್ಯಾಜಿಕ್ಕಿಗೆ ಕೊಡಬೇಕಾದ ಬೆಲೆ ಏನು? ಮಂತ್ರದಂಡ ಬೀಸಿದ ತಕ್ಷಣ ಎಲ್ಲ ಸರಿಹೋದರೆ ಮಕ್ಕಳಿಗೂ ಬೇಗ ಬೇಜಾರಾಗುತ್ತದೆ. ದೊಡ್ಡವರಿಗೆ ಇಷ್ಟವಾಯಿತೋ ಇಲ್ಲವೋ ಅನ್ನುವುದು ಕೂಡ ಹೆಚ್ಚಾಗಿ ಇಲ್ಲೇ ತೀರ್ಮಾನ ಆಗುತ್ತದೆ.

ಆಮೇಲೆ ಮುಂದಿನ ಭಾಗಗಳು. ಒಂದು ಸಂಜೆಗೆ ಮುಗಿಯುವ ಕಥೆ ಬೇಕೋ, ವರ್ಷಗಟ್ಟಲೆ ಜೊತೆಗಿರುವ ಕಥೆ ಬೇಕೋ? ಸಮಯದ ಜೊತೆ ದುಡ್ಡಿನ ಪ್ರಶ್ನೆಯೂ ಇಲ್ಲಿದೆ. ಒಂದು ಸಿನಿಮಾವನ್ನು ಒಂದು ದಿನಕ್ಕೆ ಬಾಡಿಗೆಗೆ ತೆಗೆದುಕೊಳ್ಳುವುದು ಬೇರೆ, ಎಂಟು ಸಿನಿಮಾಗಳ ಬೆನ್ನು ಹತ್ತುವುದು ಬೇರೆ.

ಇದೆಲ್ಲದರ ಜೊತೆ ಇನ್ನೊಂದು ಎಚ್ಚರಿಕೆ. ಟ್ರೈಲರ್ ನೋಡಿ ನಿರ್ಧಾರ ಮಾಡಬೇಡಿ. 2007ರ ಬ್ರಿಜ್ ಟು ಟೆರಬಿಥಿಯಾ ಸಿನಿಮಾದ ಟ್ರೈಲರ್ ತುಂಬ ವಿಚಿತ್ರ ಜೀವಿಗಳು, ಮಾಯಾಲೋಕ. ಸಿನಿಮಾ ಇರುವುದು ಸ್ನೇಹದ ಬಗ್ಗೆ, ಸಾವಿನ ಬಗ್ಗೆ. ಬಹಳ ಒಳ್ಳೆಯ ಸಿನಿಮಾ. ಆದರೆ ಮಾಯಾಲೋಕ ನೋಡಲು ಕೂತ ಮನೆಗಳಲ್ಲಿ ಅದು ಬೇರೆಯೇ ಥರ ಬಂದು ಬಡಿಯಿತು. ಇಂಥ ಕಡೆ ನೋಡಿದವರ ಮಾತೇ ಗತಿ. ಅದರಲ್ಲೂ "ಈ ದೃಶ್ಯ ಬಂದಾಗ ನನ್ನ ಮಗಳು ಹೀಗೆ ಮಾಡಿದಳು" ಅಂತ ಬರೆದವರ ಒಂದು ಸಾಲು, ಐದು ನಕ್ಷತ್ರ ಕೊಟ್ಟು ಹೋದ ನೂರು ಜನರಿಗಿಂತ ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ದಿ ವಿಝರ್ಡ್ ಆಫ್ ಆಝ್

ಇದರ ಬಗ್ಗೆ ಜನರ ಮಾತು ಎರಡು ಥರ. "ಹಳೇದು, ಹಾಡು ಜಾಸ್ತಿ, ಇವತ್ತಿನ ಮಕ್ಕಳು ಕೂರಲ್ಲ" ಅನ್ನುವವರು ಒಂದು ಕಡೆ. "ನಮ್ಮ ಮನೆಯಲ್ಲಿ ಮೂರು ಸಲ ನೋಡಿದರು" ಅನ್ನುವವರು ಇನ್ನೊಂದು ಕಡೆ. ಮೊದಲ ಗುಂಪಿನವರಲ್ಲಿ ಹಲವರು ಮಕ್ಕಳನ್ನು ಕೂರಿಸಿ ನೋಡಿರುವುದಿಲ್ಲ ಅಂತ ನನ್ನ ಅನುಮಾನ.

ಸಿನಿಮಾದ ಮೊದಲ ಭಾಗ ಕಂದು ಬಣ್ಣದಲ್ಲಿದೆ. ಸುಂಟರಗಾಳಿ ಮನೆಯನ್ನೇ ಎತ್ತಿಕೊಂಡು ಹೋಗಿ ಎಲ್ಲೋ ಇಳಿಸುತ್ತದೆ. ಒಳಗಿದ್ದ ಹುಡುಗಿ ಡೊರೊಥಿ ಬಾಗಿಲು ತೆಗೆಯುತ್ತಾಳೆ. ಆಚೆ ಇಡೀ ಲೋಕ ಬಣ್ಣದಲ್ಲಿದೆ. ನಮ್ಮ ಮನೆಯಲ್ಲಿ ಆ ಹೊತ್ತಿಗೆ ತಂಗಿಯ ಮಗಳು ದಿಂಬಿನ ದಾರ ಎಳೆಯುತ್ತಾ ಕೂತಿದ್ದಳು, ಆಗ ಅವಳಿಗೆ ಆರು ವರ್ಷ. ಬಾಗಿಲು ತೆರೆಯಿತು. ದಾರ ಕೈಯಲ್ಲೇ ನಿಂತಿತು. "ದೊಡ್ಡಮ್ಮ, ಟಿವಿ ಸರಿಹೋಯ್ತು!" ಅಂದಳು. ಅಲ್ಲಿಯವರೆಗೆ ಟಿವಿ ಕೆಟ್ಟಿದೆ ಅಂದುಕೊಂಡೇ ನೋಡುತ್ತಿದ್ದಳು ಪಾಪ.

ಆ ದೃಶ್ಯ ತೆಗೆದ ರೀತಿಯೂ ಚೆಂದ. ಅದನ್ನು ಬಣ್ಣದ ಫಿಲ್ಮಿನಲ್ಲೇ ತೆಗೆದರು. ಮನೆಯ ಒಳಗಿನ ಗೋಡೆ, ಬಾಗಿಲಿಗೆ ಕಂದು ಬಣ್ಣ ಬಳಿದರು. ಬಾಗಿಲು ತೆಗೆಯುವುದು ಕಂದು ಬಣ್ಣದ ಬಟ್ಟೆ ಹಾಕಿದ ಬೇರೊಬ್ಬಳು. ಅವಳು ಪಕ್ಕಕ್ಕೆ ಸರಿದಾಗ ನೀಲಿ ಚೌಕಳಿಯ ಬಟ್ಟೆಯಲ್ಲಿ ಡೊರೊಥಿಯ ಪಾತ್ರ ಮಾಡಿದ ಜೂಡಿ ಗಾರ್ಲಂಡ್ ಮುಂದೆ ಬರುತ್ತಾಳೆ. ದೊಡ್ಡ ಮಕ್ಕಳಿಗೆ ಇದನ್ನು ಹೇಳಿ ಇನ್ನೊಂದು ಸಲ ತೋರಿಸಿ, ಅವರು ಕಣ್ಣು ಕಿರಿದು ಮಾಡಿಕೊಂಡು ನೋಡುತ್ತಾರೆ. ಮೂಲ ಪುಸ್ತಕದಲ್ಲಿ ಡೊರೊಥಿಯ ಷೂ ಬೆಳ್ಳಿಯದು, ಸಿನಿಮಾದಲ್ಲಿ ಕೆಂಪಾಗಿದ್ದು ಕೂಡ ಬಣ್ಣದಲ್ಲಿ ಎದ್ದು ಕಾಣಲಿ ಅಂತಲೇ.

ಭಯದ ವಿಷಯಕ್ಕೆ ಬಂದರೆ, ಹಸಿರು ಮುಖದ ಮಾಟಗಾತಿ ಮತ್ತು ಹಾರುವ ಕೋತಿಗಳು. ಎಂಬತ್ತಕ್ಕೂ ಹೆಚ್ಚು ವರ್ಷಗಳಿಂದ ಮಕ್ಕಳನ್ನು ಹೆದರಿಸುತ್ತಲೇ ಇರುವ ಕೋತಿಗಳು ಅವು. ವಿಕಾರವಾದ ಮುಖಕ್ಕೆ ಹೆದರುವ ಮಗು ಇದ್ದರೆ ಆ ಭಾಗದಲ್ಲಿ ಕೈ ಹಿಡಿದು ಕೂತುಕೊಳ್ಳಿ. ಆದರೆ ಮಾಟಗಾತಿಯ ಕೋಟೆಯಲ್ಲಿ ಒಂಟಿಯಾಗಿ ಸಿಕ್ಕಿಬೀಳುವ ಭಾಗ ಬಿಟ್ಟರೆ, ಡೊರೊಥಿಯ ಪಕ್ಕದಲ್ಲಿ ಹೆಚ್ಚಾಗಿ ಯಾರೋ ಒಬ್ಬರು ಸ್ನೇಹಿತರಿರುತ್ತಾರೆ. ಕೋಟೆಯ ಭಾಗ ಬರುವವರೆಗೆ ಹಾಡು ಮತ್ತೆ ಬೇಗ ಶುರುವಾಗುತ್ತದೆ. ಐದಾರು ವರ್ಷದವರಿಗೆ ಈ ಪಟ್ಟಿಯಲ್ಲಿ ಇದನ್ನು ಧೈರ್ಯವಾಗಿ ಹೇಳುತ್ತೇನೆ. ಹದಿಮೂರು ದಾಟಿದ ಹುಡುಗರಿಗೆ ಮಾತ್ರ ಬೇಡ, ಅವರು ನಿಜವಾಗಿಯೂ ಕೂರುವುದಿಲ್ಲ.

ಕಿಕೀಸ್ ಡೆಲಿವರಿ ಸರ್ವಿಸ್

ಹದಿಮೂರು ವರ್ಷದ ಪುಟ್ಟ ಮಾಟಗಾತಿ ಕಿಕಿ. ಸಂಪ್ರದಾಯದ ಪ್ರಕಾರ ಒಂದು ವರ್ಷ ಮನೆ ಬಿಟ್ಟು ಬೇರೆ ಊರಲ್ಲಿ ಬದುಕಬೇಕು. ಜೊತೆಗೆ ಜಿಜಿ ಅನ್ನುವ, ಮಾತಾಡುವ ಕಪ್ಪು ಬೆಕ್ಕು. ಅವಳಿಗೆ ಬರುವುದು ಪೊರಕೆಯ ಮೇಲೆ ಹಾರುವುದು ಒಂದೇ. ಅದನ್ನೇ ನಂಬಿ ಸಾಮಾನು ತಲುಪಿಸುವ ಕೆಲಸ ಶುರು ಮಾಡುತ್ತಾಳೆ. ಇದು ಜಪಾನಿನ ಕಾರ್ಟೂನ್ ಸಿನಿಮಾ, ನಿರ್ದೇಶಕ ಹಯಾವೊ ಮಿಯಾಝಾಕಿ.

ಇದನ್ನು ಇಷ್ಟಪಡದವರ ದೂರು ಒಂದೇ: "ಏನೂ ಆಗಲ್ಲ." ಇಷ್ಟಪಟ್ಟವರು ಹೊಗಳುವುದೂ ಅದನ್ನೇ! ಇಲ್ಲಿ ಖಳನಾಯಕನೇ ಇಲ್ಲ. ಯಾರೂ ಯಾರನ್ನೂ ಹಿಡಿದಿಡುವುದಿಲ್ಲ. ಅಪ್ಪ ಅಮ್ಮ ದೂರ ಇದ್ದಾರೆ, ಆದರೆ ಪ್ರೀತಿಯಿಂದ ಕಳಿಸಿಕೊಟ್ಟಿದ್ದಾರೆ. ನಾನು ಹೇಳಿದ ಆ ಮೂರನೆಯ ಭಯ ಇಲ್ಲಿ ತುಂಬಾ ಮೆತ್ತಗಿದೆ. ಕಥೆಯ ಮಧ್ಯೆ ಕಿಕಿಗೆ ಒಂದು ದಿನ ಹಾರಲು ಆಗುವುದೇ ಇಲ್ಲ. ಶಾಪವಲ್ಲ, ಶತ್ರುವಲ್ಲ, ಸುಮ್ನೆ ಆಗುತ್ತಿಲ್ಲ. ಚಿಕ್ಕವರು ಇದನ್ನು "ಪೊರಕೆ ಕೆಟ್ಟುಹೋಯ್ತು" ಅಂತ ನೋಡುತ್ತಾರೆ. ಹೊಸ ಶಾಲೆಗೋ ಹೊಸ ಊರಿಗೋ ಹೋಗಿ ಮಂಕಾಗಿರುವ ಮಗು ಇದ್ದರೆ, ಅದು ಏನೂ ಮಾತಾಡದೆ ನೋಡುತ್ತದೆ. ಅಂಥ ಮಗು ಇರುವ ಮನೆಗೆ ನಾನು ಕಣ್ಣು ಮುಚ್ಚಿಕೊಂಡು ಹೇಳುವುದು ಇದನ್ನೇ.

ಡಬ್ಬಿಂಗ್ ವಿಷಯದಲ್ಲಿ ಒಂದು ಮಾತು. ಮೂಲ ಜಪಾನಿ ಸಿನಿಮಾದ ಕೊನೆಯಲ್ಲಿ ಜಿಜಿ ಕಿಕಿಯ ಜೊತೆ ಮತ್ತೆ ಮಾತಾಡುವುದಿಲ್ಲ. 1998ರ ಇಂಗ್ಲಿಷ್ ಡಬ್ಬಿಂಗ್‌ನಲ್ಲಿ ಮಾತಾಡುವ ಹಾಗೆ ಮಾಡಿದರು. ಹಾಗಾಗಿ ಕೊನೆಯ ಬಗ್ಗೆ ನೋಡಿದವರ ಅಭಿಪ್ರಾಯ ಒಂದಕ್ಕೊಂದು ತಾಳೆ ಆಗದಿದ್ದರೆ ಗಾಬರಿಯಾಗಬೇಡಿ, ಅವರು ನೋಡಿದ ಪ್ರತಿಯೇ ಬೇರೆ ಇರಬಹುದು. ನನಗೆ ಮೂಲವೇ ಇಷ್ಟ.

ಸ್ಪಿರಿಟೆಡ್ ಅವೇ

ಇದೂ ಮಿಯಾಝಾಕಿಯದೇ. ಬರ್ಲಿನ್ ಚಿತ್ರೋತ್ಸವದಲ್ಲಿ 2002ರಲ್ಲಿ ಅಲ್ಲಿನ ಅತಿ ದೊಡ್ಡ ಪ್ರಶಸ್ತಿ ಗೋಲ್ಡನ್ ಬೇರ್, ಮರುವರ್ಷ ಆಸ್ಕರ್. ಪ್ರಶಸ್ತಿ ಪಟ್ಟಿ ನೋಡಿ ಮಕ್ಕಳಿಗೆ ತೋರಿಸಲು ಕೂತವರೇ ಜಾಸ್ತಿ ಕಂಗಾಲಾಗುವ ಸಿನಿಮಾ ಕೂಡ ಇದೇ.

ಯಾಕೆ ಅಂದರೆ, ಹತ್ತು ವರ್ಷದ ಚಿಹಿರೋ ಸ್ವಲ್ಪ ಆಚೆ ಹೋಗಿ ವಾಪಸ್ ಬರುವಷ್ಟರಲ್ಲಿ ಅವಳ ಅಪ್ಪ ಅಮ್ಮ ಹಂದಿಗಳಾಗಿಬಿಟ್ಟಿರುತ್ತಾರೆ. ಅದೂ ಸಿನಿಮಾದ ಆರಂಭದಲ್ಲೇ. ಕತ್ತಲಾಗುತ್ತಿದೆ, ಗೊತ್ತಿಲ್ಲದ ಜಾಗ, ಕರೆದರೆ ತಿರುಗಿ ನೋಡುವುದು ಹಂದಿ. ಆ ಮೂರನೆಯ ಭಯದ ಬುಡಕ್ಕೇ ಕೈ ಹಾಕುವ ದೃಶ್ಯ ಇದು. ಐದು ವರ್ಷದ ಮಗುವಿಗೆ ಇದನ್ನು ನಾನು ತೋರಿಸುವುದಿಲ್ಲ. ಎಂಟಕ್ಕೆ ಯೋಚಿಸಬಹುದು. ಹತ್ತು ಸರಿಯಾದ ವಯಸ್ಸು. ತನ್ನ ಸ್ನೇಹಿತರ ಹತ್ತು ವರ್ಷದ ಹೆಣ್ಣುಮಕ್ಕಳನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಮಿಯಾಝಾಕಿ ಇದನ್ನು ಮಾಡಿದ್ದು.

ಆದರೆ ಆ ದೃಶ್ಯ ದಾಟಿದರೆ? ನಾನು ನೋಡಿದ ಮ್ಯಾಜಿಕ್ ಸಿನಿಮಾಗಳಲ್ಲೆಲ್ಲ ಇದಕ್ಕಿಂತ ದೊಡ್ಡ ಸಿನಿಮಾ ಇಲ್ಲ. ಇಲ್ಲಿ ಮ್ಯಾಜಿಕ್ಕಿಗೆ ಕೊಡುವ ಬೆಲೆ ಹೆಸರು. ಯುಬಾಬಾ ಅನ್ನುವ ಮಾಟಗಾತಿ ಚಿಹಿರೋಳ ಹೆಸರನ್ನು ಕಿತ್ತುಕೊಂಡು ಸೆನ್ ಅಂತ ಇಡುತ್ತಾಳೆ. ನಿಜವಾದ ಹೆಸರು ಮರೆತರೆ ವಾಪಸ್ ಹೋಗುವ ದಾರಿಯೇ ಇಲ್ಲ. ಈ ಹುಡುಗಿಗೆ ಯಾವ ಮಂತ್ರವೂ ಬರುವುದಿಲ್ಲ. ಅವಳು ಮಾಡುವುದು ಕೆಲಸ. ನೆಲ ಒರೆಸುತ್ತಾಳೆ, ಸ್ನಾನದ ತೊಟ್ಟಿ ಉಜ್ಜುತ್ತಾಳೆ. ಗಬ್ಬು ನಾರುವ ಕೆಸರಿನ ಮುದ್ದೆಯಂಥ ಒಬ್ಬ ಅತಿಥಿ ಬರುತ್ತಾನೆ. ಅವನ ಮೈಯಲ್ಲಿ ಏನೋ ಚುಚ್ಚಿಕೊಂಡಿದೆ. ಎಳೆದರೆ ಸೈಕಲ್ಲು ಬರುತ್ತದೆ, ಅದರ ಹಿಂದೆ ರಾಶಿ ಕಸ. ಕೆಸರು ತೊಳೆದು ಹೋದ ಮೇಲೆ ನೋಡಿದರೆ ಅವನು ನದಿಯ ದೇವತೆ. ಮಿಯಾಝಾಕಿ ತಾನೇ ಒಂದು ನದಿ ಸ್ವಚ್ಛ ಮಾಡಲು ಹೋಗಿದ್ದಾಗ ಸೈಕಲ್ ಎಳೆದು ತೆಗೆದಿದ್ದರಂತೆ, ಅದರಿಂದ ಹುಟ್ಟಿದ ದೃಶ್ಯ.

"ಅರ್ಥ ಆಗಲಿಲ್ಲ" ಅನ್ನುವ ಅಭಿಪ್ರಾಯ ಇದಕ್ಕೆ ಬಹಳ ಬರುತ್ತದೆ. ನಿಯಮಗಳನ್ನು ಇಲ್ಲಿ ಯಾರೂ ಕೂರಿಸಿ ವಿವರಿಸುವುದಿಲ್ಲ. ನೀರಿನ ಮೇಲೆ ಹೋಗುವ ರೈಲಿನ ದೃಶ್ಯದಲ್ಲಿ ಹೆಚ್ಚುಕಡಿಮೆ ಮಾತೇ ಇಲ್ಲ. ಎಲ್ಲಕ್ಕೂ ಕಾರಣ ಬೇಕು ಅನ್ನುವ ದೊಡ್ಡವರಿಗೆ ಕಿರಿಕಿರಿಯಾಗಬಹುದು. ಮಕ್ಕಳಿಗೆ ಅಷ್ಟು ಆಗುವುದಿಲ್ಲ, ಅವರ ದಿನವೇ ಹಾಗಿರುತ್ತದೆ ಅಲ್ವಾ? ದೊಡ್ಡವರ ಲೋಕದ ನಿಯಮಗಳನ್ನು ಅವರಿಗೆ ಯಾರು ವಿವರಿಸಿದ್ದಾರೆ?

ಹ್ಯಾರಿ ಪಾಟರ್ ಅಂಡ್ ದಿ ಫಿಲಾಸಫರ್ಸ್ ಸ್ಟೋನ್

ಇದರ ಪರಿಚಯ ಬೇಕಿಲ್ಲ. ತೂಕ ಮಾತ್ರ ಹೇಳುತ್ತೇನೆ.

ಪುಸ್ತಕ ಓದಿ ನೋಡಿದವರು ಬಿಟ್ಟುಹೋದದ್ದನ್ನು ಎಣಿಸುತ್ತಾರೆ. ಕಿಡಿಗೇಡಿ ಭೂತ ಪೀವ್ಸ್ ಇಲ್ಲ, ಕೊನೆಯಲ್ಲಿ ಬರುವ ಮದ್ದಿನ ಬಾಟಲಿಗಳ ಒಗಟು ಇಲ್ಲ. ಓದದೆ ನೋಡಿದವರಲ್ಲಿ ಕೆಲವರು ಉಲ್ಟಾ ಹೇಳುತ್ತಾರೆ, ಪುಸ್ತಕಕ್ಕೆ ಅಂಟಿಕೊಂಡು ಉದ್ದ ಮಾಡಿದ್ದಾರೆ ಅಂತ. ಎರಡೂ ನಿಜ. ನಿರ್ದೇಶಕ ಕ್ರಿಸ್ ಕೊಲಂಬಸ್ ಆ ಲೋಕವನ್ನು ಒಂದೊಂದೇ ಕೋಣೆಯಾಗಿ ತೋರಿಸುತ್ತಾ ಹೋಗುತ್ತಾರೆ. ಅವಸರವಿಲ್ಲ. ಏಳರಿಂದ ಹನ್ನೊಂದರ ಮಕ್ಕಳಿಗೆ ಇಷ್ಟವಾಗುವುದು ಆ ನಿಧಾನವೇ. ಮಂತ್ರದಂಡದ ಅಂಗಡಿ, ತಾನೇ ಬದಲಾಗುವ ಮೆಟ್ಟಿಲು, ಮಾತಾಡುವ ಚಿತ್ರಗಳು. ಅವರಿಗೆ ಅಲ್ಲಿ ಹೋಗಿ ಇರಬೇಕು ಅನ್ನಿಸುತ್ತದೆ.

ಹೆದರಿಸುವ ಜಾಗಗಳು: ರಾತ್ರಿ ಕಾಡಿನಲ್ಲಿ ಸತ್ತುಬಿದ್ದ ಯೂನಿಕಾರ್ನ್‌ನ ರಕ್ತ ಕುಡಿಯುವ ಆಕೃತಿ, ಮತ್ತೆ ಕೊನೆಯಲ್ಲಿ ಒಬ್ಬರ ತಲೆಯ ಹಿಂಭಾಗದಲ್ಲಿ ಕಾಣುವ ಮುಖ. ಎರಡೂ ದ್ವಿತೀಯಾರ್ಧದಲ್ಲಿವೆ. ದೊಡ್ಡವರಿಗೆ ನಾಟುವುದು ಕನ್ನಡಿಯ ದೃಶ್ಯ. ನೋಡಿದವರ ಮನಸ್ಸಿನ ಆಸೆಯನ್ನು ತೋರಿಸುವ ಕನ್ನಡಿ. ಅದರಲ್ಲಿ ಹ್ಯಾರಿ ತನ್ನ ತೀರಿಹೋದ ಅಪ್ಪ ಅಮ್ಮನನ್ನು ನೋಡುತ್ತಾನೆ, ಮತ್ತೆ ಮತ್ತೆ ಬಂದು ಕೂರುತ್ತಾನೆ. ತಂಗಿಯ ಮಗ ಮೊದಲ ಸಲ ನೋಡಿದಾಗ ಈ ದೃಶ್ಯ ಯಾವಾಗ ಮುಗಿಯುತ್ತದೆ ಅಂತ ಕೇಳಿದ್ದ. ಹನ್ನೆರಡರಲ್ಲಿ ಅದೇ ದೃಶ್ಯ ಬಂದಾಗ ಸದ್ದಿಲ್ಲದೆ ನೋಡಿದ.

ಮುಖ್ಯ ವಿಷಯ, ಇದು ಒಂದು ಸಿನಿಮಾ ಅಲ್ಲ. 2001ರಿಂದ 2011ರವರೆಗೆ ಎಂಟು ಸಿನಿಮಾ, ಒಟ್ಟು ಇಪ್ಪತ್ತು ಗಂಟೆಗೆ ಹತ್ತಿರ. ಮುಂದೆ ಹೋದ ಹಾಗೆ ಕತ್ತಲು ಜಾಸ್ತಿ, ಸಾವು ಜಾಸ್ತಿ. ನಾಲ್ಕನೆಯದಕ್ಕೆ ಅಮೆರಿಕದಲ್ಲಿ ಪಿಜಿ-13 ರೇಟಿಂಗ್, ಅಂದರೆ ಹದಿಮೂರರೊಳಗಿನವರಿಗೆ ಕೆಲವು ದೃಶ್ಯ ಸರಿಹೋಗದಿರಬಹುದು. ಏಳು ವರ್ಷದ ಮಗುವಿಗೆ ಮೊದಲನೆಯದನ್ನು ತೋರಿಸಿದರೆ ಮುಂದಿನ ವಾರವೇ "ಎರಡನೇದು?" ಅನ್ನುತ್ತದೆ. ವರ್ಷಕ್ಕೆ ಒಂದು ಅಂತ ಮೊದಲೇ ಒಪ್ಪಂದ ಮಾಡಿಕೊಂಡರೆ ಮಗುವೂ ಹ್ಯಾರಿಯ ಜೊತೆಜೊತೆಗೆ ದೊಡ್ಡದಾಗುತ್ತದೆ. ಹಾಗೆ ನೋಡಿದ ಮನೆಯವರ ಅಭಿಪ್ರಾಯಗಳಲ್ಲಿ ಒಂದು ಬೇರೆಯೇ ಪ್ರೀತಿ ಇರುತ್ತದೆ.

ನಾರ್ನಿಯಾ: ದಿ ಲಯನ್, ದಿ ವಿಚ್ ಅಂಡ್ ದಿ ವಾರ್ಡ್‌ರೋಬ್

ಅಣ್ಣ ತಂಗಿ ಜಗಳ ಆಡುವ ಮನೆಗೆ ಇದು. ಎರಡನೇ ಮಹಾಯುದ್ಧದ ಬಾಂಬ್ ದಾಳಿಯಿಂದ ತಪ್ಪಿಸಲು ಲಂಡನ್ನಿನಿಂದ ಕಳಿಸಿದ ನಾಲ್ವರು ಮಕ್ಕಳು. ಚಿಕ್ಕವಳು ಲೂಸಿ ಒಂದು ಬೀರುವಿನೊಳಗೆ ಹೋಗಿ ಹಿಮದ ಲೋಕಕ್ಕೆ ಬರುತ್ತಾಳೆ. ವಾಪಸ್ ಬಂದು ಹೇಳಿದರೆ ಯಾರೂ ನಂಬುವುದಿಲ್ಲ. ತಮ್ಮ ಮಾತು ಯಾರೂ ಕೇಳಲ್ಲ ಅನ್ನಿಸುವ ಮನೆಯ ಕೊನೆಯ ಮಕ್ಕಳು ಇವಳನ್ನು ಬಿಟ್ಟುಕೊಡುವುದೇ ಇಲ್ಲ.

ಇಲ್ಲಿ ಮ್ಯಾಜಿಕ್ಕಿನ ಬೆಲೆ ಪ್ರಾಣ. ತನ್ನವರಿಗೆ ದ್ರೋಹ ಮಾಡಿದವನ ಜೀವ ಮಾಟಗಾತಿಗೆ ಸೇರಬೇಕು ಅನ್ನುವುದು ಆ ಲೋಕದ ನಿಯಮ. ಹಾಗೆ ದ್ರೋಹ ಮಾಡಿದ ಲೂಸಿಯ ಅಣ್ಣ ಎಡ್ಮಂಡ್‌ಗೆ ಬದಲಾಗಿ ಅಸ್ಲಾನ್ ಅನ್ನುವ ಸಿಂಹ ಕಲ್ಲಿನ ಹಾಸಿನ ಮೇಲೆ ಹೋಗಿ ಮಲಗುತ್ತದೆ. ಕೇಸರ ಕತ್ತರಿಸುತ್ತಾರೆ, ಕಟ್ಟಿಹಾಕುತ್ತಾರೆ. ರಕ್ತ ತೋರಿಸುವುದಿಲ್ಲ, ಆದರೂ ಐದರಲ್ಲಿ ನನ್ನ ಕೈಲಿ ನೋಡಲು ಕಷ್ಟವಾಗುವ ದೃಶ್ಯ ಇದೊಂದೇ. ಸ್ವಲ್ಪ ಹೊತ್ತಿಗೆ ಸಿಂಹ ವಾಪಸ್ ಬರುತ್ತದೆ. ಪ್ರಾಣಿಗಳೆಂದರೆ ಪ್ರಾಣ ಬಿಡುವ ಮಗು ಇದ್ದರೆ "ಬರುತ್ತೆ, ಬರುತ್ತೆ" ಅಂತ ಮೊದಲೇ ಹೇಳಿಬಿಡಿ. ಕಥೆ ಹಾಳಾಗುವುದಿಲ್ಲ.

ಕೊನೆಯ ಭಾಗದಲ್ಲಿ ದೊಡ್ಡ ಯುದ್ಧ. ಸಾಹಸ ಬೇಕು ಅನ್ನುವ ಒಂಬತ್ತು ಹತ್ತರ ಮಕ್ಕಳಿಗೆ ಅದು ಹಬ್ಬ. ಚಿಕ್ಕವರಿಗೆ ತೋಳಗಳು ಅಟ್ಟಿಸಿಕೊಂಡು ಬರುವುದು ಭಾರ. ಕ್ರೈಸ್ತ ಧರ್ಮದ ಕಥೆಯ ನೆರಳು ಜಾಸ್ತಿ ಅಂತ ಕೆಲವು ದೊಡ್ಡವರು ಹೇಳುತ್ತಾರೆ. ಇದೆ, ನಿಜ. ಮಕ್ಕಳು ನೋಡುವುದು ಸಿಂಹವನ್ನ. ಎರಡು ಮುಂದಿನ ಭಾಗಗಳಿದ್ದರೂ ಇದೊಂದನ್ನೇ ನೋಡಿ ನಿಲ್ಲಿಸಬಹುದು, ಕಥೆ ಇಲ್ಲಿಗೇ ಮುಗಿಯುತ್ತದೆ. ಹ್ಯಾರಿ ಪಾಟರ್‌ಗೂ ಇದಕ್ಕೂ ಮಧ್ಯೆ ಒದ್ದಾಡುವವರಿಗೆ ಇದೇ ನಿರ್ಣಾಯಕ ಅಂತ ನನಗನ್ನಿಸುತ್ತದೆ.

ಹಾಗಾದರೆ ಆ ಮನೆಗೆ?

ಒಂಬತ್ತರ ಮಗ, ಐದರ ಮಗಳು. ಇಬ್ಬರನ್ನೂ ಒಟ್ಟಿಗೆ ಕೂರಿಸುವುದಾದರೆ ನಾನು ಕಿಕಿಯಿಂದ ಶುರು ಮಾಡುತ್ತೇನೆ. ಮಗಳಿಗೆ ಬೆಕ್ಕು ಸಾಕು. ಮಗನಿಗೆ ಮೊದಲರ್ಧ ಸ್ವಲ್ಪ ಎಳೆದ ಹಾಗೆ ಅನ್ನಿಸಬಹುದು, ಕೊನೆಯಲ್ಲಿ ಗಾಳಿಹಡಗಿನ ದೃಶ್ಯ ಬಂದಾಗ ಎದ್ದು ಕೂರುತ್ತಾನೆ. ಮಗಳು ಹಾಡು ಕೇಳಿದರೆ ಕುಣಿಯುವವಳಾದರೆ ಆಝ್.

ಮಗನಿಗೆ ಹ್ಯಾರಿ ಪಾಟರ್ ಅಥವಾ ನಾರ್ನಿಯಾವನ್ನು ಬೇರೆ ದಿನ, ರಜೆಯ ಮಧ್ಯಾಹ್ನ ಇಟ್ಟುಕೊಳ್ಳಿ. ಮುಂದಿನ ಏಳೆಂಟು ವರ್ಷ ಅವನ ಜೊತೆ ಕೂರಲು ನಿಮಗೆ ಪುರುಸೊತ್ತಿದ್ದರೆ ಹ್ಯಾರಿ ಪಾಟರ್, ಇಲ್ಲದಿದ್ದರೆ ನಾರ್ನಿಯಾ. ನಾರ್ನಿಯಾ ದಿನ ಮಗಳನ್ನು ಬೇರೆ ಕೋಣೆಯಲ್ಲಿ ಆಟಕ್ಕೆ ಬಿಡಿ. ಹ್ಯಾರಿ ಪಾಟರ್ ಆದರೆ, ತಾನೂ ನೋಡಬೇಕು ಅಂತ ಹಟ ಹಿಡಿದಾಗ ಮಕ್ಕಳೆಲ್ಲ ದೋಣಿಯಲ್ಲಿ ಕೂತು ಕೋಟೆ ತಲುಪುವವರೆಗೆ ಜೊತೆಗೆ ಕೂರಿಸಿಕೊಳ್ಳಬಹುದು. ಅಲ್ಲಿಯವರೆಗೆ ಹೆದರುವಂಥದ್ದು ಬಹಳ ಕಡಿಮೆ, ಬೆರಗು ಬೇಕಾದಷ್ಟಿದೆ. ಅಲ್ಲಿ ನಿಲ್ಲಿಸಿ ಮಲಗಿಸಿದರೆ ಕನಸಿಗೆ ಅಷ್ಟು ಸಾಕು.

ಸ್ಪಿರಿಟೆಡ್ ಅವೇ ಈಗ ಬೇಡ. ಮಗನಿಗೆ ಹತ್ತು ತುಂಬಲಿ. ಆ ದಿನ ನೀವೂ ಫೋನ್ ಬದಿಗಿಟ್ಟು ಕೂತುಕೊಳ್ಳಿ, ಅದರ ಅರ್ಧ ನಿಮಗಾಗಿಯೇ ಇದೆ. ಹಂದಿಯ ದೃಶ್ಯ ಬರುವ ಮುಂಚೆ ಅವನ ಪಕ್ಕಕ್ಕೆ ಸರಿದು ಕೂರಿ. ಏನೂ ಹೇಳಬೇಕಿಲ್ಲ.